ಮಾಜಿ ಸೈನಿಕರ ಮೂಳೆ, ಕೀಲು ಕಾಯಿಲೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸೈನ್ಯದಿಂದ ನಿವೃತ್ತರಾದವರು, ಅವರ ಮನೆಯವರು, ಆಗಾಗ ಫಿಸಿಯೋಥೆರಪಿ ಓದುತ್ತಿರುವ ಹುಡುಗ ಹುಡುಗಿಯರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಪ್ರಶ್ನೆಗಳನ್ನು ಆದಷ್ಟೂ ಅವರ ಮಾತಿನಲ್ಲೇ ಇಟ್ಟಿದ್ದೇನೆ. ಇಲ್ಲಿ ಬರುವ ಅಧ್ಯಯನಗಳಲ್ಲಿ ಹೆಚ್ಚಿನವು ಅಮೆರಿಕ ಮತ್ತು ಬ್ರಿಟನ್ನಿನವು. ಅಲ್ಲಿ ಸೈನಿಕರ ಆರೋಗ್ಯದ ದಾಖಲೆಗಳನ್ನು ದೊಡ್ಡ ಮಟ್ಟದಲ್ಲಿ ಜೋಪಾನ ಮಾಡಿ, ವರ್ಷಗಟ್ಟಲೆ ಬೆನ್ನುಹತ್ತಿ ನೋಡಿದ್ದಾರೆ. ನಿಮಗೆ ಯಾವ ಚಿಕಿತ್ಸೆ ಬೇಕು ಅನ್ನುವುದನ್ನು ಮಾತ್ರ ನಿಮ್ಮನ್ನು ನೋಡುವ ವೈದ್ಯರೇ ಹೇಳಬೇಕು.

## ಮೊದಲು ಬುಡದ ಪ್ರಶ್ನೆಗಳು

ಸೈನ್ಯದಲ್ಲಿದ್ದವರಿಗೆ ಮಂಡಿ ನೋವು ಜಾಸ್ತಿ ಅಂತಾರೆ. ನಿಜಾನಾ, ಇಲ್ಲ ಸುಮ್ನೆ ಹೇಳೋ ಮಾತಾ?

ನಿಜ. ಅಮೆರಿಕದ ಸೇನೆಯಲ್ಲಿ 1999ರಿಂದ 2008ರವರೆಗಿನ ದಾಖಲೆಗಳನ್ನು ತೆಗೆದು ನೋಡಿದ ಒಂದು ಅಧ್ಯಯನವಿದೆ. 40 ದಾಟಿದ ಸೈನಿಕರಲ್ಲಿ ಕೀಲು ಸವೆತ, ಅಂದರೆ ಆಸ್ಟಿಯೋಆರ್ಥ್ರೈಟಿಸ್, ಅದೇ ವಯಸ್ಸಿನ ಸಾಮಾನ್ಯ ಜನರಿಗಿಂತ ಎರಡು ಪಟ್ಟಿಗೂ ಹೆಚ್ಚು ಕಾಣಿಸಿಕೊಂಡಿತ್ತು. ಅಲ್ಲಿಯದೇ ಇನ್ನೊಂದು ದೊಡ್ಡ ಸಮೀಕ್ಷೆ 2011–2013ರದು. ಅದರಲ್ಲಿ ಮಾಜಿ ಸೈನಿಕರ ಪೈಕಿ ಸುಮಾರು ನಾಲ್ವರಲ್ಲಿ ಒಬ್ಬರು ತಮಗೆ ಸಂಧಿವಾತ ಇದೆ ಎಂದು ವೈದ್ಯರು ಹೇಳಿದ್ದಾರೆ ಅಂದರು. ಮಾಜಿ ಸೈನಿಕ ಮಹಿಳೆಯರಲ್ಲಿ ಈ ಪ್ರಮಾಣ ಶೇ 31. ಸೈನ್ಯಕ್ಕೆ ಸೇರುವಾಗ ಇವರೆಲ್ಲ ದೈಹಿಕ ಪರೀಕ್ಷೆಯಲ್ಲಿ ಪಾಸಾದ ಗಟ್ಟಿಮುಟ್ಟಾದ ಜನ ಅನ್ನುವುದನ್ನು ನೆನಪಿಟ್ಟುಕೊಂಡು ಈ ಅಂಕಿಗಳನ್ನು ಓದಬೇಕು.

ದಿನಾ ಓಡಿ, ಕವಾಯತು ಮಾಡಿದವರ ಮೂಳೆ ಗಟ್ಟಿ ಇರಬೇಕಲ್ವಾ? ಮತ್ತೆ ಯಾಕೆ ಹೀಗೆ?

ಮೂಳೆ ಗಟ್ಟಿಯಾಗಿಯೇ ಇರುತ್ತದೆ. ಭಾರ ಬಿದ್ದಷ್ಟೂ ಅದು ತನ್ನನ್ನು ಬಲಪಡಿಸಿಕೊಳ್ಳುತ್ತದೆ. ತೊಂದರೆ ಇರುವುದು ಕೀಲಿನೊಳಗಿನ ಕಾರ್ಟಿಲೇಜಿನಲ್ಲಿ, ಅಂದರೆ ಮೂಳೆಯ ತುದಿಗೆ ಹೊದಿಸಿದಂತಿರುವ ನುಣುಪು ಮೆತ್ತೆಯಲ್ಲಿ. ಅದಕ್ಕೆ ರಕ್ತನಾಳಗಳಿಲ್ಲ. ಹಾಗಾಗಿ ಒಮ್ಮೆ ಪೆಟ್ಟು ಬಿದ್ದರೆ ಮೂಳೆಯ ಹಾಗೆ ಕೂಡಿಕೊಳ್ಳುವುದಿಲ್ಲ.

ಓಟವನ್ನೇ ದೂರುವುದು ಸರಿಯಲ್ಲ. ಹವ್ಯಾಸಕ್ಕೆ ಮಿತವಾಗಿ ಓಡುವವರ ಮಂಡಿ ಅದರಿಂದ ಹಾಳಾಗುತ್ತದೆ ಅನ್ನುವುದಕ್ಕೆ ಒಳ್ಳೆಯ ಪುರಾವೆ ಇಲ್ಲ. ಸೈನ್ಯದಲ್ಲಿ ನಿಜವಾದ ಹಾನಿ ಮಾಡುವುದು ಗಾಯ. ಎತ್ತರದಿಂದ ಜಿಗಿಯುವಾಗ ಲಿಗಮೆಂಟ್ (ಮೂಳೆಗಳನ್ನು ಒಂದಕ್ಕೊಂದು ಕಟ್ಟಿಹಿಡಿಯುವ ಪಟ್ಟಿ) ಹರಿಯುವುದು, ಕಾಲು ತಿರುಚಿ ಮೆನಿಸ್ಕಸ್ (ಮಂಡಿಯೊಳಗಿನ ಮೆತ್ತೆ) ಸೀಳುವುದು, ಕೀಲಿನೊಳಗೇ ಮೂಳೆ ಮುರಿಯುವುದು. ಮಂಡಿಯ ಎಸಿಎಲ್ ಲಿಗಮೆಂಟ್ ಅಥವಾ ಮೆನಿಸ್ಕಸ್ ಹರಿದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ 10–20 ವರ್ಷಗಳಲ್ಲಿ ಕೀಲು ಸವೆತ ಬರುತ್ತದೆ. 22ರಲ್ಲಿ ಹರಿದರೆ ನಲವತ್ತರ ಹೊತ್ತಿಗೆ ಲೆಕ್ಕ ಸರಿಹೋಗುತ್ತದೆ. ಇದರ ಮೇಲೆ ಬೆನ್ನಿನ ಹೊರೆ ಬೇರೆ. ಇತ್ತೀಚಿನ ಯುದ್ಧಗಳಲ್ಲಿ ಕಾಲಾಳುಗಳು ಹೊತ್ತ ಭಾರ ಎಷ್ಟೋ ಸಲ 40 ಕಿಲೋ ದಾಟಿದೆ. ಗಾಯವಾಗಿದೆ ಅಂತ ಹೇಳಿಕೊಂಡರೆ ತರಬೇತಿಯಲ್ಲಿ ಹಿಂದೆ ಬೀಳುತ್ತೇನೆ ಅನ್ನುವ ಹೆದರಿಕೆಯಿಂದ ಮುಚ್ಚಿಟ್ಟು ನಡೆಯುವವರೂ ಇದ್ದಾರೆ. ಇದು ಯಾವ ದಾಖಲೆಯಲ್ಲೂ ಸಿಗುವುದಿಲ್ಲ.

ಈ ಗುಂಪಿಗೆ ಯಾವ ಯಾವ ಕಾಯಿಲೆ ಸೇರುತ್ತೆ?

ಮಂಡಿ, ಹಿಪ್, ಪಾದದ ಗಂಟು, ಭುಜಗಳ ಸವೆತ. ಸೊಂಟ ಮತ್ತು ಕುತ್ತಿಗೆಯ ಡಿಸ್ಕ್ ತೊಂದರೆ. ತರಬೇತಿಯಲ್ಲಿ ಆಗುವ ಸ್ಟ್ರೆಸ್ ಫ್ರಾಕ್ಚರ್, ಅಂದರೆ ಪದೇ ಪದೇ ಭಾರ ಬಿದ್ದು ಮೂಳೆ ಬಿರುಕು ಬಿಡುವುದು. ಗಾಯದ ನಂತರ ಮೂಳೆಯೊಳಗೆ ಉಳಿಯುವ ಸೋಂಕು, ಅಂದರೆ ಆಸ್ಟಿಯೋಮೈಲೈಟಿಸ್. ಇದು ಹತ್ತಾರು ವರ್ಷ ತೆಪ್ಪಗಿದ್ದು ಮತ್ತೆ ಕೀವು ಕಟ್ಟುವುದೂ ಉಂಟು. ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ರುಮಟಾಯ್ಡ್ ಸಂಧಿವಾತ, ಯೂರಿಕ್ ಆಮ್ಲ ಕೀಲಿನಲ್ಲಿ ಹರಳುಗಟ್ಟುವ ಗೌಟ್. ಭೇದಿಯಂಥ ಸೋಂಕಿನ ಬೆನ್ನಿಗೇ ಕೀಲು ಊದಿಕೊಳ್ಳುವ ರಿಯಾಕ್ಟಿವ್ ಆರ್ಥ್ರೈಟಿಸ್. ನೌಕಾಪಡೆಯ ಮುಳುಗುಗಾರರಲ್ಲಿ ಒತ್ತಡದ ಏರಿಳಿತದಿಂದ ಭುಜ ಅಥವಾ ತೊಡೆಮೂಳೆಯ ತುದಿ ಸಾಯುವ ಕಾಯಿಲೆಯೂ ಒಂದಿದೆ.

ನನಗಿನ್ನೂ 38. ಎಕ್ಸ್-ರೇ ನೋಡಿ ಮಂಡಿ ಸವೆದಿದೆ ಅಂದ್ರು. ಇಷ್ಟು ಬೇಗ ಹೇಗೆ ಸಾಧ್ಯ?

ಇದಕ್ಕೆ ಪೋಸ್ಟ್ ಟ್ರಾಮಾಟಿಕ್ ಆಸ್ಟಿಯೋಆರ್ಥ್ರೈಟಿಸ್ ಅಂತಾರೆ. ಗಾಯದಿಂದ ಶುರುವಾದ ಸವೆತ ಎಂದರ್ಥ. ನೋವು ಕೊಡುವ ಕೀಲು ಸವೆತಗಳಲ್ಲಿ ಸುಮಾರು ಶೇ 12ರಷ್ಟು ಈ ಬಗೆಯದು. ಯುದ್ಧದಲ್ಲಿ ಗಾಯಗೊಂಡು ಸೇವೆ ಬಿಟ್ಟವರಲ್ಲಿ ಮಾತ್ರ ಚಿತ್ರ ಪೂರ್ತಿ ಬೇರೆ. ಇರಾಕ್ ಮತ್ತು ಅಫ್ಘಾನಿಸ್ತಾನದಲ್ಲಿ ಗಾಯಗೊಂಡ ಅಮೆರಿಕನ್ ಸೈನಿಕರ ಮೇಲಿನ ಅಧ್ಯಯನಗಳಲ್ಲಿ ಅವರನ್ನು ಸೇವೆಗೆ ಅನರ್ಹರನ್ನಾಗಿ ಮಾಡಿದ ಕಾರಣಗಳ ಪೈಕಿ ಇದೇ ಮುಂದಿತ್ತು. ಗಾಯವಾದ ಗಳಿಗೆಯಲ್ಲಿ ಕಾರ್ಟಿಲೇಜಿನ ಜೀವಕೋಶಗಳು ಸಾಯುತ್ತವೆ. ನಂತರ ಕೀಲಿನೊಳಗೆ ಉರಿಯೂತ ನಿಂತುಬಿಡುತ್ತದೆ. ಹೊರಗಿನ ಗಾಯ ಒಣಗಿದ ಮೇಲೂ ಒಳಗಿನ ಕೆಲಸ ನಡೆದೇ ಇರುತ್ತದೆ.

ಒಂದು ಸಮಾಧಾನ: ಎಕ್ಸ್-ರೇ ಚಿತ್ರಕ್ಕೂ ನೋವಿಗೂ ಯಾವಾಗಲೂ ತಾಳೆ ಆಗುವುದಿಲ್ಲ. ಚಿತ್ರ ಕೆಟ್ಟದಾಗಿದ್ದೂ ಆರಾಮಾಗಿ ಓಡಾಡುವವರಿದ್ದಾರೆ. ಮಂಡಿ ಬದಲಿ ಶಸ್ತ್ರಚಿಕಿತ್ಸೆಗೆ ವೈದ್ಯರು ಈ ವಯಸ್ಸಿನಲ್ಲಿ ಹಿಂದೆಮುಂದೆ ನೋಡುವುದಕ್ಕೂ ಕಾರಣವಿದೆ. ಕೃತಕ ಮಂಡಿಗಳಲ್ಲಿ ಸುಮಾರು ಶೇ 82ರಷ್ಟು 25 ವರ್ಷ ಬಾಳುತ್ತವೆ ಎಂದು 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಕಂಡುಬಂತು. 70ರ ಹಿರಿಯರಿಗೆ ಅಷ್ಟು ಸಾಕು. 38ಕ್ಕೆ ಹಾಕಿಸಿಕೊಂಡವರು ಇನ್ನೊಂದು ಆಪರೇಷನ್ನಿಗೆ ಮನಸ್ಸು ಗಟ್ಟಿ ಮಾಡಿಕೊಂಡಿರಬೇಕು.

## ಒಂದೊಂದು ಕಾಯಿಲೆಯ ಬಗ್ಗೆ

ಮಗ ತರಬೇತಿಯಲ್ಲಿ ಎಲ್ಲೂ ಬಿದ್ದಿಲ್ಲ. ಆದ್ರೂ ಕಾಲಿನ ಮೂಳೆ ಬಿರುಕು ಬಿಟ್ಟಿದೆ ಅಂತಾರೆ. ಬೀಳದೆ ಮೂಳೆ ಮುರಿಯುತ್ತಾ?

ಮುರಿಯುತ್ತದೆ. 1855ರಲ್ಲಿ ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹಾಪ್ಟ್ ದೂರ ನಡೆದ ಸೈನಿಕರ ಪಾದ ಊದಿ ನೋಯುವುದನ್ನು ದಾಖಲಿಸಿದರು. ಆಗ ಎಕ್ಸ್-ರೇ ಇರಲಿಲ್ಲ. 1897ರಲ್ಲಿ ಎಕ್ಸ್-ರೇ ತೆಗೆದಾಗಲೇ ಅದು ಮೂಳೆಯ ಬಿರುಕು ಅಂತ ಖಚಿತವಾಗಿದ್ದು. ಹೊಸಬರಿಗೆ ಏಕಾಏಕಿ ಓಟ ಮತ್ತು ಹೊರೆ ಹೆಚ್ಚಿಸಿದಾಗ, ಮೂಳೆ ರಿಪೇರಿ ಆಗುವ ವೇಗಕ್ಕಿಂತ ಸಣ್ಣ ಹಾನಿಗಳ ವೇಗ ಜಾಸ್ತಿಯಾಗುತ್ತದೆ.

ತಡೆಯುವ ಬಗ್ಗೆ ಒಂದು ಒಳ್ಳೆಯ ಪ್ರಯೋಗ ನಡೆದಿದೆ. ಅಮೆರಿಕದ ನೌಕಾಪಡೆಗೆ ಸೇರಿದ 5,201 ಯುವತಿಯರಲ್ಲಿ ಒಂದು ಗುಂಪಿಗೆ ದಿನಕ್ಕೆ 2,000 ಮಿ.ಗ್ರಾಂ ಕ್ಯಾಲ್ಸಿಯಂ ಮತ್ತು 800 ಯೂನಿಟ್ ವಿಟಮಿನ್ ಡಿ ಕೊಟ್ಟರು. ಇನ್ನೊಂದು ಗುಂಪಿಗೆ ಖಾಲಿ ಮಾತ್ರೆ. 8 ವಾರದ ತರಬೇತಿ ಮುಗಿದಾಗ ಮೊದಲ ಗುಂಪಿನಲ್ಲಿ ಬಿರುಕುಗಳು ಶೇ 20ರಷ್ಟು ಕಡಿಮೆ ಇದ್ದವು. ಇದು 2008ರ ಫಲಿತಾಂಶ. ಇಷ್ಟು ಕ್ಯಾಲ್ಸಿಯಂ ಎಲ್ಲರಿಗೂ ಸರಿಹೊಂದುವುದಿಲ್ಲ. ಮೂತ್ರಪಿಂಡದಲ್ಲಿ ಕಲ್ಲು ಆಗಿದ್ದವರು ಕೇಳದೆ ಶುರು ಮಾಡಬೇಡಿ. ನಿಮ್ಮ ಮಗನಿಗೆ ನೋವು ತೊಡೆಸಂದಿಯಲ್ಲಿದ್ದರೆ ತಡ ಮಾಡದೆ ತೋರಿಸಿ. ತೊಡೆಮೂಳೆಯ ಕುತ್ತಿಗೆಯಲ್ಲಿ ಬಿರುಕಿದ್ದರೆ ಅದು ಪೂರ್ತಿ ಮುರಿಯುವ ಅಪಾಯವಿದೆ.

ಬಾಂಬ್ ಗಾಯ ಆದ ಜಾಗದಲ್ಲಿ ಮಾಂಸದೊಳಗೇ ಮೂಳೆ ಬೆಳೆದಿದೆ ಅಂದರು. ಕ್ಯಾನ್ಸರಾ?

ಕ್ಯಾನ್ಸರ್ ಅಲ್ಲ. ಇದರ ಹೆಸರು ಹೆಟೆರೋಟೋಪಿಕ್ ಆಸಿಫಿಕೇಶನ್. ಮೊದಲ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರಲ್ಲಿ ಇದನ್ನು ಕಂಡ ಫ್ರಾನ್ಸಿನ ವೈದ್ಯರು 1918ರಲ್ಲೇ ಬರೆದಿದ್ದರು. ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳಲ್ಲಿ ಕೈಕಾಲು ಕಳೆದುಕೊಂಡವರ ಎಕ್ಸ್-ರೇ ನೋಡಿದಾಗ ಶೇ 60ಕ್ಕೂ ಹೆಚ್ಚು ಜನರಲ್ಲಿ ಹೀಗೆ ಮೂಳೆ ಬೆಳೆದಿತ್ತು. ಸ್ಫೋಟ, ದೊಡ್ಡ ಗಾಯ, ಸೋಂಕು ಮೂರೂ ಸೇರಿದಾಗ ದೇಹದ ರಿಪೇರಿ ವ್ಯವಸ್ಥೆ ದಾರಿ ತಪ್ಪುತ್ತದೆ. ಮಾಂಸ ಆಗಬೇಕಾದಲ್ಲಿ ಮೂಳೆ ಕೂರುತ್ತದೆ.

ಹಿಪ್ ಆಪರೇಷನ್ ನಂತರ ಇದು ಬಾರದಂತೆ ಕೆಲವು ನೋವು ನಿವಾರಕಗಳನ್ನೋ ಒಂದು ಸಣ್ಣ ಡೋಸ್ ರೇಡಿಯೇಶನ್ನನ್ನೋ ಕೊಡುವ ರೂಢಿಯಿದೆ. ಯುದ್ಧಭೂಮಿಯ ತೆರೆದ ಗಾಯಕ್ಕೆ ಇವೆರಡೂ ಅಷ್ಟು ಸುಲಭವಾಗಿ ಹೊಂದುವುದಿಲ್ಲ. ಹಾಗಾಗಿ ಯಾರಲ್ಲಿ ಬೆಳೆಯುತ್ತದೆ ಅಂತ ಗಾಯದ ದ್ರವ, ರಕ್ತ ನೋಡಿ ಮೊದಲೇ ಹೇಳಲು ಆಗುತ್ತದೆಯೇ ಅನ್ನುವ ಕಡೆ ಸಂಶೋಧನೆ ಸಾಗಿದೆ. ತೊಂದರೆ ಕೊಡದಿದ್ದರೆ ಹಾಗೇ ಬಿಡುತ್ತಾರೆ. ಕೃತಕ ಕಾಲು ಕೂರದಿದ್ದರೆ ಅಥವಾ ಕೀಲು ಬಿಗಿದರೆ, ಮೂಳೆ ಬಲಿತ ಮೇಲೆ ಕತ್ತರಿಸಿ ತೆಗೆಯುತ್ತಾರೆ.

ಒಳಗೇ ಉಳಿದ ಗುಂಡಿನ ಚೂರು ತೆಗೆಸಲೇಬೇಕಾ?

ಎಲ್ಲಿದೆ ಅನ್ನುವುದರ ಮೇಲೆ ಹೋಗುತ್ತದೆ. ಮಾಂಸದಲ್ಲಿ ಹುದುಗಿದ ಚೂರಿನ ಸುತ್ತ ದೇಹ ಪೊರೆ ಕಟ್ಟಿ ಸುಮ್ಮನಾಗುವುದು ಸಾಮಾನ್ಯ. ಕೀಲಿನೊಳಗೆ ಸೀಸದ ಚೂರು ಉಳಿದರೆ ಕಥೆ ಬೇರೆ. ಕೀಲಿನ ದ್ರವ ಸೀಸವನ್ನು ನಿಧಾನವಾಗಿ ಕರಗಿಸುತ್ತದೆ. ಕೀಲು ಹಾಳಾಗುವುದರ ಜೊತೆಗೆ, ಗಾಯವಾಗಿ ಎಷ್ಟೋ ವರ್ಷದ ಮೇಲೆ ಸೀಸದ ವಿಷ ಇಡೀ ಮೈಗೆ ಏರಿದ ಪ್ರಕರಣಗಳಿವೆ. ಹೊಟ್ಟೆನೋವು, ರಕ್ತಹೀನತೆ, ಕೈಕಾಲು ಸೋಲು ಅಂತ ಬಂದಾಗ ಹಳೆಯ ಗುಂಡಿನ ನೆನಪು ಯಾರಿಗೂ ಬರುವುದಿಲ್ಲ. ವೈದ್ಯರಿಗೆ ನೀವೇ ಹೇಳಿ. ಒಂದು ರಕ್ತಪರೀಕ್ಷೆ ಸಾಕು. ಎಂಆರ್‌ಐ ಮಾಡಿಸುವ ಮೊದಲಂತೂ ಮರೆಯದೆ ಹೇಳಿ. ಉಕ್ಕಿನ ಚೂರು ಅದರ ಕಾಂತದಲ್ಲಿ ಜರುಗಬಹುದು.

ಒಂದು ಕಾಲು ಇಲ್ಲ. ಈಗ ಇನ್ನೊಂದು ಕಾಲಿನ ಮಂಡಿಯೂ ನೋಯ್ತಾ ಇದೆ. ಅದಕ್ಕೇನಾಗಿದೆ?

ಅದು ಎರಡು ಕಾಲಿನ ಕೆಲಸ ಮಾಡುತ್ತಿದೆ. ಕಾಲು ಕಳೆದುಕೊಂಡ ಮಾಜಿ ಸೈನಿಕರಲ್ಲಿ ಉಳಿದ ಕಾಲಿನ ಮಂಡಿ ನೋವು ಮತ್ತು ಸವೆತ ಜಾಸ್ತಿ ಎಂದು ಹಲವು ಅಧ್ಯಯನಗಳು ಹೇಳಿವೆ. ತುಂಡಾದ ಕಡೆ ತೊಂದರೆ ಬೇರೆ ಥರದ್ದು. ಅಲ್ಲಿ ಭಾರ ಬೀಳದೆ ಮೂಳೆ ತೆಳುವಾಗುತ್ತದೆ.

ಬ್ರಿಟನ್ನಿನ ಅಡ್ವಾನ್ಸ್ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿದೆ. ಅಫ್ಘಾನಿಸ್ತಾನದಲ್ಲಿ ಗಾಯಗೊಂಡ 579 ಮತ್ತು ಗಾಯವಾಗದ 566 ಪುರುಷರನ್ನು 20 ವರ್ಷ ಹಿಂಬಾಲಿಸುವ ಯೋಜನೆ ಅದು. ಕಾಲು ಕಳೆದುಕೊಂಡವರ ಹಿಪ್ ಮೂಳೆಯ ಸಾಂದ್ರತೆ ತುಂಡಾದ ಬದಿಯಲ್ಲಿ ಮಾತ್ರ ಕಡಿಮೆ ಇತ್ತು. ಮಂಡಿಯ ಮೇಲೆ ತುಂಡಾದವರಲ್ಲಿ ಇನ್ನೂ ಕಡಿಮೆ. ಬೆನ್ನುಮೂಳೆ ಸರಿಯಾಗಿತ್ತು. ಅಂದರೆ ಇಡೀ ಮೈಗೆ ಬಂದ ಮೂಳೆರೋಗ ಇದಲ್ಲ, ಆ ಜಾಗಕ್ಕೆ ಭಾರ ಬೀಳದ್ದೇ ಮುಖ್ಯ ಕಾರಣ ಅಂತಾಯಿತು. ಮೂಳೆಗೆ ಮಾತ್ರೆ ಬರೆಯುವ ಮುಂಚೆ ಆ ಕಡೆ ಸುರಕ್ಷಿತವಾಗಿ ಭಾರ ಹಾಕುವ ದಾರಿ ಹುಡುಕುವುದು ಲೇಸು ಅಂತ ನನಗನ್ನಿಸುತ್ತದೆ.

ಕೃತಕ ಕಾಲನ್ನು ನೇರವಾಗಿ ಮೂಳೆಗೇ ಜೋಡಿಸುವ ಆಸಿಯೋಇಂಟಿಗ್ರೇಶನ್ ಅಂಥದ್ದೊಂದು ದಾರಿ. ಟೈಟೇನಿಯಂ ಲೋಹ ಮೂಳೆಗೆ ಬೆಸೆದುಕೊಳ್ಳುತ್ತದೆ ಎಂದು ತೋರಿಸಿದ ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಅವರ ಕೆಲಸದಿಂದ ಬೆಳೆದ ವಿಧಾನ. ತೊಡೆಮೂಳೆಗೆ ಮೊದಲು ಮಾಡಿದ್ದು 1990ರಲ್ಲಿ. ಅಮೆರಿಕ ಇದಕ್ಕೆ ಪೂರ್ಣ ಅನುಮತಿ ಕೊಟ್ಟದ್ದು 2020ರಲ್ಲಿ. ಲೋಹ ಚರ್ಮ ದಾಟಿ ಹೊರಬರುವ ಜಾಗದಲ್ಲಿ ಸೋಂಕು ಇದರ ದೊಡ್ಡ ತಲೆನೋವು.

ನುಜ್ಜುಗುಜ್ಜಾದ ಕಾಲನ್ನು ಉಳಿಸಿಕೊಂಡವರು, ತೆಗೆಸಿಕೊಂಡವರು: ಕೊನೆಗೆ ಯಾರು ಚೆನ್ನಾಗಿದ್ದಾರೆ?

324 ಅಮೆರಿಕನ್ ಸೈನಿಕರನ್ನು ನೋಡಿದ ಮೆಟಲ್ಸ್ ಅಧ್ಯಯನ 2013ರಲ್ಲಿ ಬಂತು. ಓಡಾಟದಲ್ಲಿ ಕಾಲು ತೆಗೆಸಿಕೊಂಡವರೇ ಮೇಲಿದ್ದರು, ಮನಸ್ಸಿನ ಆಘಾತ ಉಳಿದದ್ದೂ ಅವರಲ್ಲಿ ಕಡಿಮೆ. ಬಹಳ ಜನರಿಗೆ ಇದು ಆಘಾತ ತಂದಿತು. ಆದರೆ ಇದು ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗವಲ್ಲ. ಕಾಲು ತೆಗೆದವರಿಗೆ ಆಗ ಒಳ್ಳೆಯ ಪುನರ್ವಸತಿ ಸಿಗುತ್ತಿತ್ತು, ಉಳಿಸಿಕೊಂಡವರಿಗೆ ಅಷ್ಟು ವ್ಯವಸ್ಥೆ ಇರಲಿಲ್ಲ. ಅದಕ್ಕೇ ಟೆಕ್ಸಾಸಿನ ಸ್ಯಾನ್ ಆಂಟೋನಿಯೋದ ಸೇನಾ ಪುನರ್ವಸತಿ ಕೇಂದ್ರದಲ್ಲಿ ಐಡಿಯೋ ಎಂಬ, ಕಾಲಿಗೆ ಆಸರೆಯಾಗಿ ಕಟ್ಟಿಕೊಳ್ಳುವ ಕಾರ್ಬನ್ ಫೈಬರ್ ಪಟ್ಟಿ ತಯಾರಾಯಿತು. ತಕ್ಕ ತರಬೇತಿಯೊಂದಿಗೆ ಅದನ್ನು ಹಾಕಿಕೊಂಡು ಕಾಲು ಉಳಿಸಿಕೊಂಡವರು ಮತ್ತೆ ಓಡಿದ್ದಾರೆ.

ರುಮಟಾಯ್ಡ್ ಸಂಧಿವಾತಕ್ಕೂ ಸೈನ್ಯಕ್ಕೂ ಏನು ಸಂಬಂಧ? ಅದು ವಂಶದಲ್ಲಿ ಬರೋದಲ್ವಾ?

ವಂಶದ ಪಾಲಿದೆ. ಅದೊಂದೇ ಸಾಲದು. ಬೀಡಿ ಸಿಗರೇಟಿನ ಹೊಗೆ, ಸಿಲಿಕಾದಂಥ ಧೂಳು ಅಪಾಯ ಹೆಚ್ಚಿಸುತ್ತವೆ. ಸೇನಾ ನೆಲೆಗಳಲ್ಲಿ ಕಸ ಸುಡುವ ಗುಂಡಿಗಳ ಹೊಗೆಯ ಬಗ್ಗೆಯೂ ಈಗ ಅಧ್ಯಯನ ನಡೆದಿದೆ. 2015ರಲ್ಲಿ ಬಂದ ಒಂದು ವರದಿ ಇರಾಕ್ ಮತ್ತು ಅಫ್ಘಾನಿಸ್ತಾನದಿಂದ ಮರಳಿದ 6.66 ಲಕ್ಷ ಮಾಜಿ ಸೈನಿಕರ ದಾಖಲೆ ನೋಡಿತ್ತು. ಮನಸ್ಸಿನ ಆಘಾತ ಉಳಿದವರಲ್ಲಿ, ಅಂದರೆ ಪಿಟಿಎಸ್‌ಡಿ ಇದ್ದವರಲ್ಲಿ, ರುಮಟಾಯ್ಡ್ ಸೇರಿದಂತೆ ಸ್ವಯಂ ನಿರೋಧಕ ಕಾಯಿಲೆಗಳ ಅಪಾಯ ಮಾನಸಿಕ ಕಾಯಿಲೆ ಇಲ್ಲದವರಿಗಿಂತ ಸುಮಾರು ಎರಡು ಪಟ್ಟು ಇತ್ತು.

ಸೈನಿಕರಿಂದ ಈ ಕಾಯಿಲೆಯ ಬಗ್ಗೆ ತಿಳಿದ ಅತಿ ಬೆಲೆಬಾಳುವ ವಿಷಯ ಬೇರೆಯದೇ. ಅಮೆರಿಕದ ರಕ್ಷಣಾ ಇಲಾಖೆ ಸೈನಿಕರ ರಕ್ತದ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಅನ್ನು ದಶಕಗಳಿಂದ ಶೀತಾಗಾರದಲ್ಲಿ ಕೂಡಿಟ್ಟಿದೆ. ಮಾದರಿಗಳ ಸಂಖ್ಯೆ 5 ಕೋಟಿ ದಾಟಿದೆ. ರುಮಟಾಯ್ಡ್ ಬಂದವರ ಹಳೆಯ ಸೀರಂ ತೆಗೆದು ಪರೀಕ್ಷಿಸಿದಾಗ, ಕೀಲು ನೋಯುವ ಎಷ್ಟೋ ವರ್ಷ ಮೊದಲೇ ರಕ್ತದಲ್ಲಿ ಅದರ ಗುರುತಿನ ಪ್ರತಿಕಾಯಗಳು ಇದ್ದವು. ಕಾಯಿಲೆ ಶುರುವಾಗುವ ಮುನ್ನವೇ ತಡೆಯಬಹುದೇ ಅನ್ನುವ ಇಂದಿನ ಪ್ರಯೋಗಗಳಿಗೆ ಇಂಥ ಕೆಲಸವೇ ತಳಪಾಯ.

ಮೂಳೆ ಟೊಳ್ಳಾಗೋದು ಹೆಂಗಸರ ಕಾಯಿಲೆ ಅಲ್ವಾ? ನಮ್ಮಪ್ಪನಿಗೆ ಯಾಕೆ ಸ್ಕ್ಯಾನ್?

ಗಂಡಸರಿಗೂ ಬರುತ್ತದೆ, ಗೊತ್ತಾಗುವುದು ತಡ ಅಷ್ಟೆ. ಹಿಪ್ ಮುರಿದ ಮೇಲೆ ಒಂದು ವರ್ಷದೊಳಗೆ ಸಾಯುವ ಅಪಾಯ ಹೆಂಗಸರಿಗಿಂತ ಗಂಡಸರಲ್ಲೇ ಹೆಚ್ಚು. ದೀರ್ಘಕಾಲ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡವರು, ಜಾಸ್ತಿ ಕುಡಿಯುವವರು, ಸಿಗರೇಟು ಸೇದುವವರು, ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿಯಲ್ಲಿರುವವರು ಕೇಳದೆಯೇ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಬೇಕಾದ ಗುಂಪು. ಬೆನ್ನುಹುರಿಯ ಗಾಯದಲ್ಲಿ ಮೊದಲ ಒಂದೆರಡು ವರ್ಷದಲ್ಲೇ ಕಾಲಿನ ಮೂಳೆ ವೇಗವಾಗಿ ಕರಗುತ್ತದೆ. ಕುರ್ಚಿಯಿಂದ ಮಂಚಕ್ಕೆ ಸರಿಯುವಾಗಲೇ ಮಂಡಿಯ ಹತ್ತಿರ ಮುರಿದದ್ದಿದೆ. ನೋವು ಗೊತ್ತಾಗುವುದಿಲ್ಲವಾದ್ದರಿಂದ ಊತ, ಕೆಂಪು, ಜ್ವರ ಕಂಡರೆ ಅನುಮಾನಿಸಬೇಕು.

## ಚಿಕಿತ್ಸೆಯ ಬಗ್ಗೆ

ಮಂಡಿಗೆ ತೂತು ಹಾಕಿ ಒಳಗೆ ಕ್ಲೀನ್ ಮಾಡಿಸಿದ್ರೆ ಸರಿ ಹೋಗುತ್ತಾ?

ಸವೆತಕ್ಕೆ ಅದರಿಂದ ಲಾಭವಿಲ್ಲ. ಇದನ್ನು ಮೊದಲು ಸರಿಯಾಗಿ ಪರೀಕ್ಷಿಸಿದ್ದು ಟೆಕ್ಸಾಸಿನ ಹ್ಯೂಸ್ಟನ್ನಿನಲ್ಲಿರುವ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ. 180 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಆರ್ಥ್ರೋಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತಿನಿಂದ ಕ್ಯಾಮೆರಾ ಕೊಳವೆ ತೂರಿಸಿ, ಕೆರೆದು ಶುಚಿ ಮಾಡಿದರು. ಇನ್ನೊಂದಕ್ಕೆ ಬರೀ ತೊಳೆದರು. ಮೂರನೆಯ ಗುಂಪಿಗೆ ಚರ್ಮದ ಮೇಲೆ ಗಾಯ ಮಾಡಿ ಹೊಲಿಗೆ ಹಾಕಿದರು, ಒಳಗೆ ಏನೂ ಮಾಡಲಿಲ್ಲ. ತಮಗೆ ಯಾವುದು ಆಗಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಎರಡು ವರ್ಷ ಕೇಳುತ್ತಾ ಹೋದರು. ಮೂರೂ ಗುಂಪಿನವರ ನೋವು ಒಂದೇ ಥರ ಇತ್ತು. 2002ರಲ್ಲಿ ಇದು ಪ್ರಕಟವಾದಾಗ ಮೂಳೆ ತಜ್ಞರಲ್ಲಿ ದೊಡ್ಡ ಗದ್ದಲವೇ ಆಯಿತು. ಆಗಲೇಬೇಕಿತ್ತು ಬಿಡಿ. ವರ್ಷಕ್ಕೆ ಲಕ್ಷಾಂತರ ಜನಕ್ಕೆ ಮಾಡುತ್ತಿದ್ದ ಆಪರೇಷನ್ ಅದು. ನಂತರ ಬೇರೆ ಕಡೆ ನಡೆದ ಪ್ರಯೋಗಗಳೂ ಇದನ್ನೇ ಎತ್ತಿಹಿಡಿದವು. ಮಂಡಿ ನಿಜವಾಗಿ ಸಿಕ್ಕಿಹಾಕಿಕೊಂಡು ಮಡಚಲು, ನೇರ ಮಾಡಲು ಬಾರದಿದ್ದಾಗ ಮಾತ್ರ ಲೆಕ್ಕ ಬೇರೆ.

ಇಂಜೆಕ್ಷನ್ ಒಳ್ಳೇದಾ, ಫಿಸಿಯೋ ಒಳ್ಳೇದಾ?

ಅಮೆರಿಕದ ಸೇನಾ ಆಸ್ಪತ್ರೆಗಳಲ್ಲಿ ಮಂಡಿ ಸವೆತವಿದ್ದ 156 ಜನರಲ್ಲಿ ಇದನ್ನೇ ಹೋಲಿಸಿ ನೋಡಿದರು. ಒಂದು ವರ್ಷದ ನಂತರ ಫಿಸಿಯೋಥೆರಪಿ ಮಾಡಿದವರ ನೋವು ಕಡಿಮೆ, ಓಡಾಟ ಉತ್ತಮ. ಇದು 2020ರ ಫಲಿತಾಂಶ. ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ಆರಾಮ ಕೊಡುತ್ತದೆ. ಮನೆಯಲ್ಲಿ ಮದುವೆ, ಮುಂಜಿ ಇದ್ದರೆ ಅಷ್ಟು ದಿನಕ್ಕೆ ಬೇಕು ಅನ್ನಿಸಬಹುದು. ತೊಡೆಯ ಸ್ನಾಯು ಗಟ್ಟಿಯಾಗದೆ ಮಂಡಿಗೆ ಬಹುಕಾಲದ ನೆಮ್ಮದಿ ಇಲ್ಲ.

ಮಾಮೂಲಿ ಮಾತ್ರೆ ತಾಗ್ತಾ ಇಲ್ಲ. ಇನ್ನೂ ಸ್ಟ್ರಾಂಗ್ ಮಾತ್ರೆ ಕೊಡಿ ಅನ್ನಬಹುದಾ?

ಅಫೀಮಿನ ಜಾತಿಯ ಮಾತ್ರೆಗಳ ಬಗ್ಗೆ ಕೇಳುತ್ತಿದ್ದರೆ, 2018ರ ಸ್ಪೇಸ್ ಪ್ರಯೋಗದ ಬಗ್ಗೆ ತಿಳಿದುಕೊಳ್ಳಿ. ಮಿನಿಯಾಪೊಲಿಸ್‌ನಲ್ಲಿ ಸೊಂಟ, ಹಿಪ್, ಮಂಡಿ ನೋವಿದ್ದ 240 ಮಾಜಿ ಸೈನಿಕರಿಗೆ ಒಂದು ವರ್ಷ ಕೊಟ್ಟು ನೋಡಿದರು. ಅಫೀಮಿನ ಜಾತಿಯವು ದಿನನಿತ್ಯದ ಓಡಾಟದಲ್ಲಿ ಮಾಮೂಲಿ ನೋವು ನಿವಾರಕಗಳಿಗಿಂತ ಮೇಲಾಗಲಿಲ್ಲ. ನೋವಿನ ಅಂಕದಲ್ಲಿ ಮಾಮೂಲಿಯವೇ ಒಂಚೂರು ಮುಂದಿದ್ದವು. ಅಡ್ಡ ಪರಿಣಾಮ ಅಫೀಮಿನ ಕಡೆಯೇ ಜಾಸ್ತಿ.

ಸವೆದ ಕಾರ್ಟಿಲೇಜ್ ಮತ್ತೆ ಬೆಳೆಸೋ ಔಷಧಿ ಬಂದಿದೆಯಂತೆ?

ಬಂದಿಲ್ಲ. ಸವೆತವನ್ನು ನಿಲ್ಲಿಸುತ್ತದೆ ಅಂತ ಸಾಬೀತಾದ ಔಷಧಿ ಇಲ್ಲಿಯವರೆಗೆ ಒಂದೂ ಇಲ್ಲ. ಕೀಲಿಗೆ ಒಳ್ಳೆಯದು ಅಂತ ಮಾರುವ ಗ್ಲುಕೋಸಮೈನ್ ಕೂಡ 2006ರ 1,583 ಜನರ ಪ್ರಯೋಗದಲ್ಲಿ ಒಟ್ಟಾರೆ ಖಾಲಿ ಮಾತ್ರೆಗಿಂತ ಮೇಲಾಗಲಿಲ್ಲ. ತೂಕ ಇಳಿಸುವುದರಿಂದ ಮಾತ್ರ ನೋವು ಖಂಡಿತ ಇಳಿಯುತ್ತದೆ. ಬೊಜ್ಜು ಮತ್ತು ಮಂಡಿ ಸವೆತ ಎರಡೂ ಇದ್ದವರಿಗೆ ತೂಕ ಇಳಿಸುವ ಸೆಮಾಗ್ಲುಟೈಡ್ ಇಂಜೆಕ್ಷನ್ ಕೊಟ್ಟಾಗ ನೋವು ಚೆನ್ನಾಗಿ ಇಳಿಯಿತು ಎಂದು 2024ರಲ್ಲಿ ವರದಿಯಾಗಿದೆ. ಆ ಪ್ರಯೋಗ ಸೈನಿಕರ ಮೇಲೆ ನಡೆದದ್ದಲ್ಲ.

## ಇನ್ನೂ ಆಳಕ್ಕೆ ಹೋಗುವವರಿಗೆ

ಯುದ್ಧದಿಂದ ಮೂಳೆ ಚಿಕಿತ್ಸೆಗೆ ಏನಾದ್ರೂ ಒಳ್ಳೇದಾಗಿದ್ಯಾ?

ಆಗಿದೆ. ಮೊದಲ ಮಹಾಯುದ್ಧದ ಆರಂಭದಲ್ಲಿ ತೊಡೆಮೂಳೆ ಒಡೆದು ಗಾಯ ತೆರೆದವರಲ್ಲಿ ಶೇ 80ರಷ್ಟು ಸಾಯುತ್ತಿದ್ದರು ಎಂಬ ಲೆಕ್ಕವಿದೆ. ಬ್ರಿಟನ್ನಿನ ಮೂಳೆ ತಜ್ಞ ರಾಬರ್ಟ್ ಜೋನ್ಸ್, ತಮ್ಮ ಅತ್ತೆಯ ಗಂಡ ಥಾಮಸ್ ರೂಪಿಸಿದ್ದ, ಮುರಿದ ಕಾಲನ್ನು ಅಲುಗದಂತೆ ಹಿಡಿಯುವ ಥಾಮಸ್ ಸ್ಪ್ಲಿಂಟನ್ನು ರೂಢಿಗೆ ತಂದರು. ಸಾವು ಶೇ 20ರ ಆಸುಪಾಸಿಗೆ ಇಳಿಯಿತು. ಬೇಗ ಸಾಗಿಸಿದ್ದೂ ನೆರವಾಗಿದೆ, ಪೂರ್ತಿ ಹೆಸರು ಸ್ಪ್ಲಿಂಟಿಗೇ ಕೊಡಲಾಗದು. ಜರ್ಮನಿಯ ಕುಂಟ್ಷರ್ 1939ರಲ್ಲಿ ತೊಡೆಮೂಳೆಯ ಟೊಳ್ಳಿನೊಳಗೆ ಉಕ್ಕಿನ ಸರಳು ತೂರಿಸಿದರು. ಯುದ್ಧ ಕೈದಿಗಳ ಎಕ್ಸ್-ರೇಯಲ್ಲಿ ಆ ಸರಳು ಕಂಡು ಎದುರು ಪಾಳೆಯದ ವೈದ್ಯರು ಬೆರಗಾದರು. ಸೈಬೀರಿಯಾದ ಕುರ್ಗಾನಿನಲ್ಲಿ ಇಲಿಜರೋವ್ ಎರಡನೇ ಮಹಾಯುದ್ಧದಿಂದ ಮರಳಿದವರ ಕೂಡದ ಮೂಳೆಗಳಿಗೆ ಉಂಗುರದ ಚೌಕಟ್ಟು ಕಟ್ಟಿದರು. ದಿನಕ್ಕೆ ಸುಮಾರು 1 ಮಿ.ಮೀ. ಎಳೆಯುತ್ತಾ ಹೋದರೆ ನಡುವೆ ಹೊಸ ಮೂಳೆ ಹುಟ್ಟುತ್ತದೆ ಅಂತ ತೋರಿಸಿಕೊಟ್ಟರು.

ಸೈನಿಕರ ಮೇಲೆ ಮಾಡಿದ ಅಧ್ಯಯನವನ್ನ ಬೇರೆಯವರಿಗೂ ಅನ್ವಯಿಸಬಹುದಾ?

ಅಳೆದು ನೋಡಿ ಅನ್ವಯಿಸಬೇಕು. ಇವುಗಳಲ್ಲಿ ಗಂಡಸರೇ ಜಾಸ್ತಿ. ಅಡ್ವಾನ್ಸ್‌ನಲ್ಲಂತೂ ಪೂರ್ತಿ ಗಂಡಸರೇ. ಸೈನ್ಯಕ್ಕೆ ಆರೋಗ್ಯವಂತರನ್ನೇ ಆರಿಸುವುದರಿಂದ ಸಾಮಾನ್ಯ ಜನರ ಜೊತೆ ಹೋಲಿಸಿದಾಗ ಹಾನಿ ಇರುವುದಕ್ಕಿಂತ ಕಡಿಮೆ ಕಾಣಬಹುದು. ಇನ್ನೊಂದು ಕಡೆ, ವೈದ್ಯಕೀಯ ಸೌಲಭ್ಯ ಸುಲಭವಾಗಿ ಸಿಗುವುದರಿಂದಲೂ ಪಿಂಚಣಿಗೆ ದಾಖಲೆ ಬೇಕಾಗುವುದರಿಂದಲೂ ಕಾಯಿಲೆ ಹೆಚ್ಚು ಬರೆಸಲ್ಪಡುತ್ತದೆ. ಹೋಲಿಕೆಯ ಗುಂಪೂ ಸೈನಿಕರದ್ದೇ ಆಗಿರುವ ಅಧ್ಯಯನವನ್ನು ನಾನು ಹೆಚ್ಚು ನಂಬುತ್ತೇನೆ. ಚಿಕಿತ್ಸೆಗಳನ್ನು ಹೋಲಿಸುವ ಪ್ರಯೋಗಗಳಿಗೆ ಈ ತೊಡಕು ಕಡಿಮೆ. ಮಾಜಿ ಸೈನಿಕರನ್ನೂ ಸೇರಿಸಿಕೊಂಡು ನಡೆದು 2013ರಲ್ಲಿ ಬಂದ 353 ಜನರ ರುಮಟಾಯ್ಡ್ ಪ್ರಯೋಗದಲ್ಲಿ ಮೂರು ಹಳೆಯ ಅಗ್ಗದ ಮಾತ್ರೆಗಳು ಸೇರಿ ದುಬಾರಿ ಇಂಜೆಕ್ಷನ್ನಿಗೆ ಸರಿಸಾಟಿಯಾದವು. ಇದು ಎಲ್ಲರಿಗೂ ಉಪಯೋಗಕ್ಕೆ ಬರುವ ಮಾಹಿತಿ.

ಅಧ್ಯಯನಕ್ಕೆ ರಕ್ತ ಕೊಡಿ ಅಂತ ಕೇಳ್ತಾ ಇದ್ದಾರೆ. ಕೊಡೋದಾ, ಬೇಡ್ವಾ?

ಅದು ನಿಮ್ಮ ಇಷ್ಟ, ಬೇಡ ಅಂದರೆ ನಿಮ್ಮ ಚಿಕಿತ್ಸೆಗೆ ಅಡ್ಡಿಯಾಗಬಾರದು. ಮಾಜಿ ಸೈನಿಕರ ರಕ್ತದ ಮಾದರಿ, ಆರೋಗ್ಯದ ದಾಖಲೆ ಕೂಡಿಡುವ ಅಮೆರಿಕದ ಮಿಲಿಯನ್ ವೆಟರನ್ ಪ್ರೋಗ್ರಾಂ 2011ರಲ್ಲಿ ಶುರುವಾಗಿ 2023ರಲ್ಲಿ 10 ಲಕ್ಷ ಜನರನ್ನು ಮುಟ್ಟಿತು. ಅಷ್ಟು ಜನ ತಾವಾಗಿ ಬಂದು ರಕ್ತ ಕೊಟ್ಟಿದ್ದರಿಂದಲೇ ಕೀಲು ಸವೆತದ ಹಿಂದಿರುವ ಜೀನುಗಳನ್ನು ಹುಡುಕುವ ಕೆಲಸ ವೇಗ ಪಡೆಯಿತು. ಸಹಿ ಹಾಕುವ ಮೊದಲು ನಾಲ್ಕು ಮಾತು ಕೇಳಿ: ಮಾದರಿಯನ್ನು ಎಷ್ಟು ವರ್ಷ ಇಡುತ್ತೀರಿ? ನನ್ನ ಹೆಸರು ಯಾರ ಕೈಗೆ ಸಿಗುತ್ತದೆ? ಮಧ್ಯದಲ್ಲಿ ಬಿಡಬಹುದೇ? ಏನಾದರೂ ಕಾಯಿಲೆ ಕಂಡರೆ ನನಗೆ ಹೇಳುತ್ತೀರಾ? ಉತ್ತರ ಒಪ್ಪಂದದ ಹಾಳೆಯಲ್ಲೇ ಬರೆದಿರಬೇಕು. ಬಾಯಿಮಾತಿನ ಭರವಸೆ ಸಾಲದು. ಆ ಹಾಳೆಯ ಒಂದು ಪ್ರತಿಯನ್ನು ಮನೆಗೆ ತನ್ನಿ.